ಚಂಚಿಯೊಳಗಿನ ಮೋಟಾರು

ಭಾಲ್ಕಿಯ ವೈಜಿನಾಥ ವಕೀಲರು ತಮ್ಮ ನೆರಳನ್ನೂ ನಂಬುತ್ತಿರಲಿಲ್ಲ. ಅದಕ್ಕೆ ಅವರ ಬಳಿ ಕಾರಣವಿತ್ತು. ಬೆಳಿಗ್ಗೆ ಒಂದು ಅಳತೆ, ಮಧ್ಯಾಹ್ನ ಇನ್ನೊಂದು, ಸಂಜೆಗೆ ಮತ್ತೊಂದು. ಹೀಗೆ ಗಳಿಗೆಗೊಮ್ಮೆ ಹೇಳಿಕೆ ಬದಲಿಸುವ ಸಾಕ್ಷಿಯನ್ನು ಯಾವ ಮುನಸೀಫ ನಂಬುತ್ತಾನೆ? ಮನೆಯ ಎಮ್ಮೆ ಹಾಲು ಕರೆಯುವುದಕ್ಕೆ ಮುಂಚೆ ನೀರು ಕುಡಿದರೆ ಅದರ ಮೇಲೂ ಅವರಿಗೆ ಗುಮಾನಿ. ಪೋಲೀಸ್ ಆಕ್ಷನ್ನಿನಲ್ಲಿ ಹಿಂದುಸ್ತಾನದ ಫೌಜು ಊರಿಗೆ ಬಂದಾಗ, ಇದು ಅಸಲಿ ಫೌಜೋ ನಕಲಿಯೋ ಎಂದು ಎರಡು ದಿನ ಕಿಟಕಿಯ ಸಂದಿಯಿಂದಲೇ ನೋಡಿ ಮೂರನೆಯ ದಿನ ಬಾಗಿಲು ತೆಗೆದವರು ಅವರು. ನಿಜಾಮರ ಹಾಲಿ ರೂಪಾಯಿ, ಹಿಂದುಸ್ತಾನದ ಕಲ್ದಾರ ರೂಪಾಯಿ ಎರಡೂ ನಡೆಯುತ್ತಿದ್ದ ಆ ಕಾಲದಲ್ಲಿ ಅವನ್ನು ಬೇರೆ ಬೇರೆ ಗಡಿಗೆಯಲ್ಲಿಟ್ಟಿದ್ದರು. ಒಂದರ ಸಹವಾಸದಿಂದ ಇನ್ನೊಂದು ಕೆಡಬಾರದಲ್ಲ.

ಇಂಥವರಿಗೆ ಹಳೆಯ ಮೋಟಾರು ಕೊಳ್ಳುವ ಯೋಗ ಬಂತು.

ಯೋಗ ತಂದವರು ಧರ್ಮಪತ್ನಿ ಲಲಿತಾಬಾಯಿ. ಅವರ ತವರು ಔರಾದ. ಭಾಲ್ಕಿಯಿಂದ ಔರಾದಕ್ಕೆ ಎತ್ತಿನ ಗಾಡಿಯಲ್ಲಿ ಹೋಗುವುದೆಂದರೆ, ಹತ್ತುವಾಗ ಆಡಲು ಶುರುಮಾಡಿದ ಮಾತು ಆ ಕುಲುಕಾಟಕ್ಕೆ ಚೂರುಚೂರಾಗಿ ಇಳಿದ ಮೇಲೆಯೇ ಪೂರ್ತಿಯಾಗುತ್ತಿತ್ತು. ಹೋದ ಸಲದ ಪ್ರಯಾಣದಲ್ಲಿ ಅವರ ಸೊಂಟದ ಯಾವುದೋ ಕೀಲು ಸಂತಪುರದ ಹತ್ತಿರ ಉದುರಿ ಬಿದ್ದಿದ್ದು ಇನ್ನೂ ಸಿಕ್ಕಿರಲಿಲ್ಲ. ಈಗ ಅಲ್ಲಿ ಅವರ ತಮ್ಮ ಗೋರಖನಾಥನ ಮಗಳ ಲಗ್ನ ನಿಶ್ಚಯವಾಗಿತ್ತು.

“ಮೋಟಾರದಾಗ ಕರಕೊಂಡು ಹೋಗ್ತೀರಂದ್ರ ಬರ್ತೇನಿ. ಇಲ್ಲಂದ್ರ ನೀವೊಬ್ಬರೇ ಹೋಗಿ, ಅಕ್ಕ ಯಾಕ ಬರಲಿಲ್ಲ ಅಂತ ಕೇಳಿದವರಿಗೆಲ್ಲ ನೀವೇ ಜವಾಬು ಕೊಡ್ರಿ” ಎಂದುಬಿಟ್ಟರು.

ವಕೀಲರು ಆವೇಶದಲ್ಲಿ ಕಚೇರಿಯ ವಕೀಲರ ಖೋಲಿಯಲ್ಲಿ ಈ ಸಲ ಔರಾದಕ್ಕೆ ಸ್ವಂತ ಮೋಟಾರಿನಲ್ಲೇ ಹೋಗುವುದಾಗಿ ಘೋಷಣೆ ಮಾಡಿದರು. ಸಣ್ಣ ಮೋಟಾರೇ ಬೇಕೆಂದು ಮನೆಯಲ್ಲಿ ವಾದ ಮಂಡಿಸಿದರು. ದೊಡ್ಡದು ಕೊಂಡರೆ ಪೆಟ್ರೋಲು ಎಮ್ಮೆಯಂತೆ ಕುಡಿಯುತ್ತದೆ; ಅದಕ್ಕಿಂತ ಹೆಚ್ಚಾಗಿ ಊರಿನ ಬೀಗರು ಬಿಜ್ಜರೆಲ್ಲ ಹತ್ತಿ ಕೂಡುತ್ತಾರೆ. “ಸಂಬಂಧಿಕರು ಹಿಡಿಸದಂಥ ಗಾಡಿ ಬೇಕು” ಎಂಬುದು ಅವರ ತೀರ್ಪು. ಲಲಿತಾಬಾಯಿ ಆ ತೀರ್ಪನ್ನು ಕೇಳಿಸಿಕೊಂಡರು. (ಅವರು ಕೇಳಿಸಿಕೊಂಡದ್ದನ್ನು ಮರೆಯುವವರಲ್ಲ. ಇದನ್ನು ಓದುಗರು ನೆನಪಿನಲ್ಲಿಡಬೇಕು, ವಕೀಲರು ಇಡಲಿಲ್ಲ.)

ಆ ದಿನಗಳಲ್ಲಿ ಬೀದರದಲ್ಲಿ ಹಳೆಯ ಮೋಟಾರುಗಳಿಗೆ ಬರವಿರಲಿಲ್ಲ. ವಕೀಲರು ಮೇಲಿಂದ ಮೇಲೆ ರೈಲು ಹತ್ತಿದರು. ಮೊದಲನೆಯ ಗಾಡಿಗೆ ಹೊಸ ಬಣ್ಣ ಹೊಡೆದಿತ್ತು. ಒಳಗೆ ಏನು ಮುಚ್ಚಿದ್ದಾರೋ ಎಂದು ಬಿಟ್ಟರು. ಎರಡನೆಯದಕ್ಕೆ ಬಣ್ಣವೇ ಇರಲಿಲ್ಲ. ಹೊರಗೇ ಇಷ್ಟು ಬೇಜವಾಬ್ದಾರಿಯಾದರೆ ಒಳಗೆಷ್ಟು ಎಂದು ಬಿಟ್ಟರು. ಮೂರನೆಯದರ ಇಂಜಿನ್ನು ಮುಟ್ಟಿದರೆ ಬೆಚ್ಚಗಿತ್ತು. ತಾವು ಬರುವುದು ತಿಳಿದು ಮೊದಲೇ ಚಾಲೂ ಮಾಡಿಟ್ಟಿದ್ದಾರೆ, ಮೋಸ. ನಾಲ್ಕನೆಯದರದ್ದು ತಣ್ಣಗಿತ್ತು, ಹೆಣ.

ಕೊನೆಗೆ ನಜಮೋದ್ದೀನ ಸಾಹೇಬರ ಗಾಡಿಯ ಸುದ್ದಿ ಬಂತು. ಸಾಹೇಬರು ತಹಸೀಲಿನಲ್ಲಿ ಪೇಶಕಾರರಾಗಿದ್ದು ಪಿಂಚಣಿ ಪಡೆದವರು. ಬೀದರದ ಹಳೆ ಊರಿನೊಳಗೆ ಮನೆ. ಗಾಡಿ ಬದನೆಕಾಯಿ ಬಣ್ಣದ ಪುಟ್ಟ ವಿಲಾಯತಿ ಮೋಟಾರು. ಎಷ್ಟು ಪುಟ್ಟದೆಂದರೆ ದೂರದಿಂದ ನೋಡಿದವರು ಯಾರೋ ಟ್ರಂಕು ಮರೆತು ಹೋಗಿದ್ದಾರೆ ಎಂದುಕೊಳ್ಳಬೇಕು. ವಕೀಲರಿಗೆ ನೋಡಿದ ಕೂಡಲೇ ಮನಸ್ಸು ಬಂತು. ಮನಸ್ಸು ಬಂದದ್ದೇ ಸಂಶಯಕ್ಕೆ ಕಾರಣವಾಯಿತು.

ಈ ಸಲ ಅವರು ಒಬ್ಬರೇ ಹೋಗಿರಲಿಲ್ಲ. ಮಿಸ್ತ್ರಿಗಳೆಲ್ಲ ಮಾರುವವರಿಂದ ದಲ್ಲಾಳಿಯ ಹಣ ತಿನ್ನುತ್ತಾರೆಂದು ಅವರಿಗೆ ಖಾತ್ರಿಯಿತ್ತು. ಆದ್ದರಿಂದ ಮೋಟಾರಿನ ಗಂಧಗಾಳಿಯೂ ಇಲ್ಲದ ಒಬ್ಬ ಪರೀಕ್ಷಕನನ್ನು ಹುಡುಕಿದ್ದರು. ಅವನೇ ಕಮಠಾಣದ ಹಣಮಂತಪ್ಪ, ಎತ್ತಿನ ದಲ್ಲಾಳಿ. ಅವನು ಆರಿಸಿಕೊಟ್ಟ ದೇವಣಿ ಎತ್ತು ಸತ್ತ ಮೇಲೂ ಒಂದು ಹಂಗಾಮು ದುಡಿಯುತ್ತದೆಂದು ಪ್ರತೀತಿ.

ಹಣಮಂತಪ್ಪ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬೆನ್ನು ತಟ್ಟಿದ. ಎಲ್ಲಾದರೂ ಕೆಟ್ಟ ಸುಳಿ ಇದೆಯೇ ಎಂದು ಬಗ್ಗಿ ಹೊಟ್ಟೆಯ ಕೆಳಗೆ ನೋಡಿದ. ಗಾಲಿಯನ್ನು ಗೊರಸಿನಂತೆ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ. ಹಾರ್ನು ಒತ್ತಿ ಕಿವಿಗೊಟ್ಟು, “ದನಿ ಚಲೋ ಅದರಿ. ಆದ್ರ ಎಡಗಣ್ಣಾಗ ಹೂ ಬಿದ್ದಾದ” ಎಂದ. ಎಡಗಡೆಯ ದೀಪದ ಗಾಜು ಮಬ್ಬಾಗಿತ್ತು.

ಸಾಹೇಬರು ಅದನ್ನು ಒಪ್ಪಿಕೊಂಡು, ಉಳಿದ ದೋಷಗಳನ್ನೂ ತಾವೇ ಹೇಳತೊಡಗಿದರು. ಹಿಂದಿನ ಬಲಗಡೆಯ ಬಾಗಿಲು ಒಳಗಿಂದಷ್ಟೇ ತೆರೆಯುತ್ತದೆ. ಮಳೆ ಬಂದರೆ ಒಳಗೆ ಕೂತವರಿಗೆ ಛತ್ರಿ ಬೇಕು. ದೊಡ್ಡ ಏರು ಬಂದರೆ ಒಬ್ಬರು ಇಳಿದು ಅದಕ್ಕೆ ಧೈರ್ಯ ಹೇಳಬೇಕು. ಇಷ್ಟು ಬಿಟ್ಟರೆ ಎಲ್ಲ ಠೀಕಾಗಿದೆ. ವಕೀಲರ ಸಂಶಯ ಇಮ್ಮಡಿಸಿತು. ಇಷ್ಟೆಲ್ಲ ಹೇಳುವವನು ಇನ್ನೆಷ್ಟು ಮುಚ್ಚಿಟ್ಟಿರಬೇಕು?

“ಮಾರೂದು ಯಾಕ ಸಾಹೇಬರ? ಕರಾಚಿಗಿ ಹೊಂಟೀರೇನು?” ಎಂದು ಪಾಟೀಸವಾಲು ಹಾಕಿದರು.

“ಕರಾಚಿ ಎಲ್ಲಿದು ವಕೀಲ್ ಸಾಬ್, ನನಗ ಇಲ್ಲೇ ಚೌಬಾರಾ ಬುರುಜಿನ ತನಕ ಹೋಗ್ಲಾಕ ಕಣ್ಣು ಕಾಣವಲ್ದು. ಮೊನ್ನಿ ಒಂದು ಎಮ್ಮೀನ ನೆರಳು ಅಂತ ತಿಳಿದು ಅದರ ಮ್ಯಾಲೇ ಗಾಡಿ ಒಯ್ದೀನಿ. ಎಮ್ಮಿ ಏನೂ ಅನಲಿಲ್ಲ. ಅದರ ಮಾಲಕ ಭಾಳ ಅಂದ.”

ಎತ್ತಿನ ವ್ಯಾಪಾರದ ಪದ್ಧತಿಯಂತೆ ಹಣಮಂತಪ್ಪ ಹೆಗಲ ಮೇಲಿನ ರುಮಾಲು ಹಾಸಿ, ಅದರಡಿಯಲ್ಲಿ ಸಾಹೇಬರ ಕೈ ಹಿಡಿದ. ಬೆರಳುಗಳೇ ಮಾತಾಡಿಕೊಂಡವು. ಏನು ನಡೆದಿದೆಯೋ ಎಂದು ವಕೀಲರು ಮೂರು ಸಲ ಬಗ್ಗಿ ರುಮಾಲಿನೊಳಗೆ ಇಣುಕಿದರು; ಮೂರು ಸಲವೂ ಹಣಮಂತಪ್ಪ ಮೊಣಕೈಯಿಂದ ದೂಡಿದ. ಕೊನೆಗೆ ಕಿಮ್ಮತ್ತು ಇತ್ಯರ್ಥವಾಯಿತು. ಮುಂಗಡದ ಬಯಾನಾ ಕೊಟ್ಟು, ಮುಂದಿನ ಗುರುವಾರ ಗಾಡಿ ಒಯ್ಯುವುದೆಂದು ಠರಾಯಿಸಿದ್ದೂ ಆಯಿತು. ಸಾಹೇಬರು ಚಹಾ ತರಿಸಲು ಒಳಗೆ ಹೋದರು.

ಆಗ ಹಣಮಂತಪ್ಪ ಕಿವಿಯಲ್ಲಿ ಹೇಳಿದ: “ವಕೀಲರ, ಎತ್ತು ಠರಾಯಿಸಿ ಮಾರೋವನ ಕೊಟ್ಟಿಗ್ಯಾಗ ಬಿಟ್ಟು ಬರಬೇಕಾದ್ರ ನಾವು ಅದರ ಕೊರಳ ಗಂಟಿ ಬಿಚ್ಚಿಕೊಂಡು ಬರ್ತೇವಿ. ಹೆಚ್ಚಿಗಿ ಕೊಡೋ ಗಿರಾಕಿ ಬಂದ್ರೂ ಗಂಟಿ ಇಲ್ಲದ ಎತ್ತು ಯಾರೂ ಹೊಡಕೊಂಡು ಹೋಗಂಗಿಲ್ಲ.”

ಮೋಟಾರಿಗೆ ಕೊರಳೆಲ್ಲಿ, ಗಂಟೆಯೆಲ್ಲಿ? ಆದರೆ ವಕೀಲರ ತಲೆಯಲ್ಲಿ ದೀಪ ಹತ್ತಿತು. ಪೋಲೀಸ್ ಆಕ್ಷನ್ನಿನಲ್ಲಿ ಬಂದ ಫೌಜಿನ ಒಬ್ಬ ಜೀಪು ಡ್ರೈವರ ಅವರ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗೆಲ್ಲ ಮುಚ್ಚಳ ತೆಗೆದು ಅಡಿಕೆ ಗಾತ್ರದ ಒಂದು ಕರಿಯ ತುಂಡನ್ನು ಕಿಸೆಗೆ ಹಾಕಿಕೊಳ್ಳುತ್ತಿದ್ದ. ಒಂದು ದಿನ ನೀರು ಕುಡಿಯಲು ಬಂದಾಗ ಆ ತುಂಡನ್ನು ಅಂಗೈಮೇಲಿಟ್ಟು, ಇದಿಲ್ಲದಿದ್ದರೆ ಬ್ರಹ್ಮ ಬಂದರೂ ಗಾಡಿ ಚಾಲೂ ಆಗದು ಎಂದು ತೋರಿಸಿದ್ದ. ವಕೀಲರು ನೋಡಿದ್ದರು. (ನೀರಿನ ತಂಬಿಗೆ ಹಿಡಿದು ಲಲಿತಾಬಾಯಿಯೂ ಅಲ್ಲೇ ನಿಂತಿದ್ದರು. ಇದೂ ನೆನಪಿರಲಿ.)

ಚಹಾ ಬರುವಷ್ಟರಲ್ಲಿ ಸಾಹೇಬರ ಮೋಟಾರಿನ ಕರಿಯ ತುಂಡು ವಕೀಲರ ಎಲೆಯಡಿಕೆ ಚಂಚಿಯ ಒಳಗಿನೊಳಗಿನ ಪದರಿಗೆ ಹೋಗಿ, ದಾರದಿಂದ ಕಟ್ಟಿಸಿಕೊಂಡು ಮಲಗಿತ್ತು.

ಊರಿಗೆ ಬಂದ ಮೇಲೆ ಚಂಚಿ ರಾತ್ರಿ ದಿಂಬಿನಡಿ, ಹಗಲು ಸೊಂಟದಲ್ಲಿ, ಸ್ನಾನದ ಹೊತ್ತಿಗೆ ಮಾತ್ರ ಬಚ್ಚಲಿನ ಗೂಟದಲ್ಲಿ. ಒಳಪದರನ್ನು ಬಿಚ್ಚಿ ನೋಡುತ್ತಿರಲಿಲ್ಲ. ಬಿಚ್ಚಿದರೆ ಯಾರಾದರೂ ನೋಡಿಯಾರು. ಮೇಲಿಂದ ಚಿವುಟಿ, ಇದೆ ಎಂದು ಸಮಾಧಾನ ಪಡುತ್ತಿದ್ದರು.

ಗುರುವಾರಕ್ಕೆ ಮೊದಲೇ ಸಾಹೇಬರ ಅಳಿಯ ಯುನುಸ ಬಯಾನಾ ಹಿಡಿದುಕೊಂಡು ಭಾಲ್ಕಿಗೆ ಬಂದ. ನೀವು ಹೋದಾಗಿನಿಂದ ಗಾಡಿ ಚಾಲೂ ಆಗುತ್ತಿಲ್ಲ, ಮಿಸ್ತ್ರಿಗಳಿಗೂ ತಿಳಿಯುತ್ತಿಲ್ಲ, ಸತ್ತ ಗಾಡಿಯನ್ನು ನಿಮಗೆ ಮಾರಲು ಈಮಾನು ಒಪ್ಪುವುದಿಲ್ಲ ಎಂದು ಸಾಹೇಬರು ಹೇಳಿ ಕಳಿಸಿದ್ದರು.

ಬೇರೆ ಯಾರೇ ಆಗಿದ್ದರೂ ತುಂಡನ್ನು ತೆಗೆದುಕೊಟ್ಟು ಮಾಫಿ ಕೇಳುತ್ತಿದ್ದರು. ವಕೀಲರಿಗೆ ಬೇರೆಯೇ ಹೊಳೆಯಿತು. ಗಾಡಿ ಚಾಲೂ ಆಗುವುದಿಲ್ಲವೆಂದು ಈ ಸಾಹೇಬ ಸುಳ್ಳು ಹೇಳುತ್ತಿದ್ದಾನೆ. ಹೆಚ್ಚು ಕೊಡುವ ಗಿರಾಕಿ ಸಿಕ್ಕಿರಬೇಕು. (ಚಾಲೂ ಆಗದ ಕಾರಣ ತಮ್ಮ ಸೊಂಟದಲ್ಲೇ ಇದ್ದಾಗಲೂ ಹೀಗೆ ಯೋಚಿಸಲು ವಕಾಲತ್ತಿನ ಸನದು ಬೇಕು.) ಅರ್ಧ ಗಳಿಗೆಯ ನಂತರ ಎರಡನೆಯ ವಿಚಾರ ಬಂತು, ಅದು ಇನ್ನೂ ಸೊಗಸಾಗಿತ್ತು: ಗಾಡಿ ನಿಂತಲ್ಲೇ ನಿಲ್ಲಲಿ. ನಾಲ್ಕು ದಿನ ಹೋದರೆ ಸಾಹೇಬ ಅದನ್ನು ಹಳೆ ಕಬ್ಬಿಣದ ಬೆಲೆಗೆ ಕೊಡುತ್ತಾನೆ. ಬಯಾನಾ ತೆಗೆದುಕೊಂಡು ಯುನುಸನನ್ನು ಕಳಿಸಿಬಿಟ್ಟರು.

“ಗಾಡಿ ಯಾವಾಗ ಬರ್ತದರಿ?” ಎಂದು ಲಲಿತಾಬಾಯಿ ಕೇಳಿದರು.

“ಹಣ್ಣು ತಾನೇ ಮಾಗಿ ಬೀಳ್ತದ. ಕಲ್ಲು ಹೊಡೀಬಾರದು” ಎಂದು ವಕೀಲರು ಚಂಚಿ ಚಿವುಟಿಕೊಂಡರು.

ಲಲಿತಾಬಾಯಿ ಆ ಚಿವುಟುವ ಬೆರಳುಗಳನ್ನು ಒಂದು ಕ್ಷಣ ನೋಡಿ ಒಳಗೆ ಹೋದರು. ಎರಡು ದಿನ ಬಿಟ್ಟು, ಬೀದರಕ್ಕೆ ಝರಣಿ ನರಸಿಂಹನ ದರ್ಶನಕ್ಕೆ ಹೋಗಿ ಬರುವುದಾಗಿ ಹೇಳಿದರು. ನಿಜವಾಗಿ ದರ್ಶನಕ್ಕೇ ಹೋಗುತ್ತಾಳೆಯೇ ಎಂದು ಪರೀಕ್ಷಿಸಲು ವಕೀಲರು ಅಲ್ಲಿಯ ಝರಿಯ ತೀರ್ಥ ತರಲು ತಂಬಿಗೆ ಕೊಟ್ಟು ಕಳಿಸಿದರು. ಸಂಜೆಗೆ ತಂಬಿಗೆ ತೀರ್ಥ ತುಂಬಿಕೊಂಡು ಬಂತು. ಕುಡಿದು ನೋಡಿದರು, ಝರಣಿಯದೇ ರುಚಿ. ಸಂಶಯಕ್ಕೆ ಆಸ್ಪದವಿರಲಿಲ್ಲ.

ಅದೇ ವಾರ ಹಣಮಂತಪ್ಪ ಸುದ್ದಿ ತಂದ. ಸಾಹೇಬರ ಗಾಡಿಯನ್ನು ಯಾರೋ ಕೊಂಡು, ಮುಂದೆ ಜೋಡೆತ್ತು ಕಟ್ಟಿ, ಹಗಲು ಹೊತ್ತಿನಲ್ಲೇ ಊರೆಲ್ಲ ನೋಡುವಂತೆ ಎಳೆದುಕೊಂಡು ಹೋದರು. ಕೊಂಡವನು ಬೇರೆ ಯಾರೂ ಅಲ್ಲ, ಔರಾದದ ಗೋರಖನಾಥ.

ವಕೀಲರು ನಕ್ಕ ನಗೆಗೆ ಜಂತಿಯ ಮೇಲಿನ ಪಾರಿವಾಳಗಳು ಹಾರಿದವು. ಕಬ್ಬಿಣ ಹೊತ್ತುಕೊಂಡು ಹೋದ ಭಾವಮೈದುನ. ಅದರ ಪ್ರಾಣ ತಮ್ಮ ಚಂಚಿಯಲ್ಲಿ. ಈಗ ಅವನಿಂದ ಅದನ್ನು ಪುಕ್ಕಟೆ ಪಡೆಯಬಹುದು.

ಲಗ್ನಕ್ಕೆ ಎತ್ತಿನ ಗಾಡಿಯಲ್ಲೇ ಹೊರಟರು. ಲಲಿತಾಬಾಯಿ ಒಂದು ಮಾತೂ ಆಡದೆ ಹತ್ತಿ ಕುಳಿತರು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಸಂಶಯಪಡಬೇಕಾದ ಕ್ಷಣ ಯಾವುದಾದರೂ ಇದ್ದರೆ ಅದು ಇದೇ. ಜಗತ್ತಿನಲ್ಲಿ ಎಲ್ಲವನ್ನೂ ಸಂಶಯಿಸಿದ ವಕೀಲರು ಇದೊಂದನ್ನು ನಂಬಿದರು. ಹೆಂಡತಿ ಸೋತಿದ್ದಾಳೆಂದು ತಿಳಿದು ದಾರಿಯುದ್ದಕ್ಕೂ ಕುಲುಕಾಟದ ನಡುವೆ ಗುನುಗಿದರು.

ಔರಾದದ ಅಂಗಳದಲ್ಲಿ ಬದನೆಕಾಯಿ ಮೋಟಾರು ಮಾವಿನ ತೋರಣ ಕಟ್ಟಿಸಿಕೊಂಡು ನಿಂತಿತ್ತು. ಅದರ ಮುಚ್ಚಳದ ಮೇಲೆ ಒಂದು ಮೇಕೆಮರಿ ಮಲಗಿತ್ತು. ಅಕ್ಷತೆ ಬಿದ್ದು ಊಟವಾದ ಮೇಲೆ ಗೋರಖನಾಥ ಬಂಧುಗಳೆದುರು ಗೋಳು ತೋಡಿಕೊಂಡ. ಸುಗ್ಗಿಯಲ್ಲಿ ಕಡಲೆಯ ಲಾರಿ ಓಡಿಸುವ ತನ್ನಂಥವನಿಗೇ ಈ ಗಾಡಿ ಬಗ್ಗಲಿಲ್ಲ, ಮೋಸ ಹೋದೆ ಎಂದ. ಜಮಖಾನೆಯ ತುದಿಗೆ ನಜಮೋದ್ದೀನ ಸಾಹೇಬರೂ ಕುಳಿತಿದ್ದರು. ಇವನು ಇಲ್ಲಿಗೇಕೆ ಬಂದ ಎಂದು ವಕೀಲರಿಗೆ ಒಂದು ಗುಮಾನಿ ಎದ್ದಿತಾದರೂ ಸಂತೋಷದ ಭರದಲ್ಲಿ ಅದನ್ನು ಕೂರಿಸಿದರು.

“ನಾ ಮುಟ್ಟಿದ್ರ ಓಡ್ತದ” ಎಂದರು.

“ಮಾಮಾ, ನಿಮ್ಮ ಕೈಲಿ ಚಾಲೂ ಆದ್ರ ಗಾಡಿ ನಿಮ್ಮದು. ನನಗ ಒಂದು ಪೈ ಬ್ಯಾಡ. ಆಗಲಿಲ್ಲಂದ್ರ?” ಎಂದ ಗೋರಖನಾಥ.

ವಕೀಲರು ಎದ್ದು ನಿಂತು, ತುಂಬಿದ ಇಜಲಾಸಿನಲ್ಲಿ ಮುನಸೀಫನೆದುರು ಹೇಳುವಂತೆ ಹೇಳಿದರು: “ಆಗಲಿಲ್ಲಂದ್ರ, ಈ ಗಾಡಿ ಎಂದಾರ ಓಡಿದ ದಿನದಿಂದ ನಿಮ್ಮ ಅಕ್ಕ ಎಲ್ಲಿಗಿ ಹೋಗ್ತೇನಿ ಅಂದ್ರೂ ಪೆಟ್ರೋಲ್ ನಂದು. ಆಕಿ ಜೀವ ಇರೋತನಕ. ಇಷ್ಟು ಮಂದಿ ಸಾಕ್ಷಿ.” ತಮ್ಮ ಕೊರಳಿನ ಹಗ್ಗವನ್ನು ಇಷ್ಟು ಕಾನೂನುಬದ್ಧವಾಗಿ ಹೊಸೆದುಕೊಂಡ ಮನುಷ್ಯ ಭಾಲ್ಕಿ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ.

ಮೇಕೆಮರಿಯನ್ನು ಇಳಿಸಿ, ಮುಚ್ಚಳ ಎತ್ತಿ, ಮಂದಿಗೆ ಬೆನ್ನು ಮಾಡಿ, ಚಂಚಿಯ ಒಳಪದರು ಬಿಚ್ಚಿ, ಕರಿಯ ತುಂಡನ್ನು ಅದರ ಜಾಗದಲ್ಲಿ ಒತ್ತಿದರು. ಕೂಡಲಿಲ್ಲ. ತಿರುವಿ ಒತ್ತಿದರು. ಕೂಡಲಿಲ್ಲ. ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅಳಲೆಕಾಯಿ.

ಚೆನ್ನಾಗಿ ಒಣಗಿದ, ಹೊಟ್ಟೆ ಕಟ್ಟಿದಾಗ ತೇಯ್ದು ಕೊಡುವ ಅಳಲೆಕಾಯಿ. ಇಷ್ಟು ದಿನ ಅವರು ಚಿವುಟಿ ಸಮಾಧಾನ ಪಟ್ಟದ್ದು ಇದನ್ನೇ.

ಮಾತಾಡುವಂತಿಲ್ಲ. ನನ್ನ ತುಂಡು ಕಳುವಾಗಿದೆ ಎಂದರೆ, ಅದು ನಿಮ್ಮದು ಹೇಗಾಯಿತು ಎಂದು ಸಾಹೇಬರು ಕೇಳುತ್ತಾರೆ. ವಕೀಲರು ಮುಂದೆ ಹೋಗಿ ಹ್ಯಾಂಡಲು ಹಾಕಿ ತಿರುವಿದರು. ಬೆವರು ಚಾಲೂ ಆಯಿತು, ಗಾಡಿ ಆಗಲಿಲ್ಲ. ಲಗ್ನಕ್ಕೆ ಬಂದ ಮಂದಿ ವಾದ್ಯದವರನ್ನು ಬಿಟ್ಟು ಇತ್ತ ನೆರೆದರು.

ಆಗ ಲಲಿತಾಬಾಯಿ ಸೆರಗು ಸರಿಪಡಿಸಿಕೊಳ್ಳುತ್ತ ಬಂದು, ತಮ್ಮ ಕುಂಕುಮದ ಕರಡಿಗೆಯ ಮುಚ್ಚಳ ತೆಗೆದು, “ತಮ್ಮಾ, ಇದು ಹಾಕಿ ನೋಡು” ಎಂದರು. ಗೋರಖನಾಥ ಹಾಕಿದ. ಒಂದೇ ತಿರುವಿಗೆ ಮೋಟಾರು ಕೆಮ್ಮಿ, ಸೀನಿ, ಗುಡುಗಿತು. ಮೇಕೆಮರಿ ಅಡುಗೆಮನೆ ಸೇರಿತು.

“ಬಚ್ಚಲ ಗೂಟದಾಗ ಚಂಚಿ ಇತ್ತಲ್ಲರಿ. ಫೌಜಿನವಗ ನೀರು ಕೊಟ್ಟಾಕಿ ನಾನೇ. ಅದು ಏನಂತ ನನಗ ತಿಳಿಯಂಗಿಲ್ಲೇನು?” ಎಂದರು ಲಲಿತಾಬಾಯಿ, ಗಂಡನಿಗಷ್ಟೇ ಕೇಳುವ ದನಿಯಲ್ಲಿ. “ಸಾಹೇಬರ ಮನಿಗಿ ಹೋಗಿ ಎಲ್ಲ ಹೇಳೀನಿ. ರುಮಾಲದಾಗ ಠರಾಯಿಸಿದ ಕಿಮ್ಮತ್ತೇ ನನ್ನ ತಮ್ಮ ಕೊಟ್ಟಾನ. ಮೋಸದ ಗಾಡ್ಯಾಗ ನಾ ಕೂಡಂಗಿಲ್ಲ. ಎತ್ತು ಕಟ್ಟಿ ಎಳದದ್ದು ನಿಮಗ ಸುದ್ದಿ ಮುಟ್ಟಲಿ ಅಂತ.”

“ನನಗ ಮೊದಲೇ ಹೇಳಬಾರದೇನು?”

“ಹೇಳಿದ್ರ ನಂಬ್ತಿದ್ರೇನು?”

ಸಾಹೇಬರು ಹತ್ತಿರ ಬಂದು, ಮಬ್ಬುಗಣ್ಣಿನಿಂದ ಅವರ ಅಂಗೈಯೊಳಗಿನ ಅಳಲೆಕಾಯಿಯನ್ನು ನೋಡಿ, “ವಕೀಲ್ ಸಾಬ್, ಈ ದೋಷ ಒಂದು ನಾ ಹೇಳೋದು ಬಿಟ್ಟಿದ್ದೆ. ಮಾಫ್ ಮಾಡ್ರಿ” ಎಂದರು.

ಮರುದಿನ ಭಾಲ್ಕಿಗೆ ಹೊರಡುವಾಗ ಗೋರಖನಾಥ ಚಕ್ರ ಹಿಡಿದು ಕೂತ. ಅಕ್ಕ ಅವನ ಪಕ್ಕದಲ್ಲಿ ಕೂತರು. ಹಿಂದೆ ಚಿಕ್ಕಮ್ಮ ಭಾಗೀರಥಿಬಾಯಿ ಮತ್ತು ಲಾಡಿನ ಬುಟ್ಟಿ. ಪೆಟ್ರೋಲಿನ ಹಣ ಎಣಿಸಿ ಕೊಟ್ಟ ವಕೀಲರು ಹಿಂದಿನ ಬಲಗಡೆಯ ಬಾಗಿಲಿಗೆ ಕೈ ಹಾಕಿದರು. ಅದು ಹೊರಗಿಂದ ತೆರೆಯುವುದಿಲ್ಲವೆಂದು ಸಾಹೇಬರು ಪ್ರಾಮಾಣಿಕವಾಗಿ ಹೇಳಿದ್ದರಲ್ಲ.

“ಸಣ್ಣ ಗಾಡಿರಿ” ಎಂದರು ಲಲಿತಾಬಾಯಿ ಒಳಗಿಂದ. “ಸಂಬಂಧಿಕರು ಹಿಡಿಸಂಗಿಲ್ಲ.”

ಬದನೆಕಾಯಿ ಬಣ್ಣ ಧೂಳಿನಲ್ಲಿ ಮರೆಯಾಯಿತು. ವಕೀಲರು ಎತ್ತಿನ ಗಾಡಿ ಹತ್ತಿದರು. ಒಂದು ಹರದಾರಿ ಹೋದ ಮೇಲೆ ಚಂಚಿ ಬಿಚ್ಚಿ ಅಳಲೆಕಾಯಿಯನ್ನು ತೆಗೆದರು. ಇದಾದರೂ ಅಸಲಿಯೋ, ಇದರಲ್ಲೂ ಏನಾದರೂ ಇದೆಯೋ ಎಂದು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ, ಪರೀಕ್ಷೆಗೆಂದು ಅರ್ಧ ಕಚ್ಚಿ ತಿಂದರು.

ಅಸಲಿಯಾಗಿತ್ತು. ಸಂತಪುರ ಮುಟ್ಟುವುದರೊಳಗೆ ಗಾಡಿಯನ್ನು ನಾಲ್ಕು ಸಲ ನಿಲ್ಲಿಸಬೇಕಾಯಿತು.