ಹಲ್ಲಿನ ಡಾಕ್ಟರ್ ಬೆಂಚಿನ ಮ್ಯಾಲೆ ನನ್ನ ಮಂದಿ

ಮನ್ಯಾಗ ಖರೇ ಹೇಳಿ ನನ್ನ ದವಾಖಾನಿಗೆ ಬಂದವರನ್ನ ನಾ ಇನ್ನೂ ನೋಡಿಲ್ಲ. ಒಬ್ಬ ಬೀಜ ತರಾಕ ಹೊಂಟೇನಿ ಅಂತ ಹೇಳಿರ್ತಾನ, ಒಬ್ಬಾಕಿ ತವರಮನಿಗೆ ಅಂತ. ನಾ ಮನೋವೈದ್ಯ. ಬೋರ್ಡಿನ ಮ್ಯಾಲೂ ಹಂಗ ಬರಸೇನಿ. ಆದ್ರ ಜಮಖಂಡಿ ಬಸ್‌ಸ್ಟ್ಯಾಂಡಿನ್ಯಾಗ ಇಳದು ಕೇಳ್ರಿ, ಆಟೋದಾಂವ "ಹುಚ್ಚರ ಡಾಕ್ಟರ್ ಏನ್ರಿ?" ಅಂತ ಇಡೀ ಸ್ಟ್ಯಾಂಡಿಗೆ ಕೇಳೂಹಂಗ ಒದರ್ತಾನ. ಮಂದಿ ಸುಳ್ಳು ಹೇಳದ ಏನ್ ಮಾಡ್ಯಾರು? ನಾ ನಗ್ತೇನಿ. ನಕ್ಕಮ್ಯಾಲೆ ಕೆಟ್ಟ ಅನಸ್ತೈತಿ.

ಹೋದ ಹಲ್ಲು

ಜಮಖಂಡ್ಯಾಗ ನನ್ನ ಬಾಗಲಕ್ಕ ಹತ್ತಿ ಹಲ್ಲಿನ ಡಾಕ್ಟರ್ ಬಾಗಲ ಐತಿ. ನನ್ನ ಬೆಂಚು ಸದಾ ಖಾಲಿ, ಅವರ ಬೆಂಚು ಸದಾ ಭರ್ತಿ. ಅದರಾಗ ಅರ್ಧಾ ಮಂದಿ ನನ್ನವರು, ಹಲ್ಲಿನ ನೆವಾ ಮಾಡಿ ಕುಂತವರು.

ಹಂಗ ಒಬ್ರು ರಿಟಾಯರ್ ಹೆಡ್‌ಮಾಸ್ತರು ಒಂದಿನ ಅಲ್ಲಿ ಕುಂತಿದ್ರು. ಅವರ ಹಳೇ ವಿದ್ಯಾರ್ಥಿ ಒಬ್ಬ ಬಂದು ನಮಸ್ಕಾರ ಮಾಡಿ, ಯಾವ ಹಲ್ರಿ ಸರ್ ಅಂತ ಕೇಳ್ದ. ಮಾಸ್ತರು ಗಾಬರ್ಯಾಗಿ ಎಲ್ಲೋ ಒಂದು ಕಡೆ ಬಟ್ಟು ತೋರ್ಸಿದ್ರು. ಅಂವ ತನ್ನ ಪಾಳಿ ಅವರಿಗೆ ಬಿಟ್ಟುಕೊಟ್ಟು, ಕೈ ಹಿಡದು ಒಳಗ ಬಿಟ್ಟುಬಂದ. ಅಲ್ಲಾಡೂ ಹಲ್ಲು ಒಂದಿತ್ತಂತ, ಕಿತ್ತು ಕಳಿಸಿದ್ರು. ಅರ್ಧಾ ತಾಸಿನ ಮ್ಯಾಲೆ ಮಾಸ್ತರು ಬಾಯಾಗ ಹತ್ತಿ ಇಟಗೊಂಡು ನನ್ನ ಮುಂದ ಬಂದು ಕುಂತ್ರು. ಮನಸಿನ್ಯಾಗ ಏನೈತಿ, ಎಲ್ಲಾ ಬಿಚ್ಚಿ ಹೇಳ್ರಿ ಅಂದೆ. ಪಾಪ, ಬಾಯಿ ಬಿಚ್ಚಾಕ ಬರಲಿಲ್ಲ.

ಊರು ಅದಲುಬದಲು

ಸೋಮವಾರ ಜಮಖಂಡಿ, ಬುಧವಾರ ಮುಧೋಳ, ಶುಕ್ರವಾರ ಬನಹಟ್ಟಿ, ಹಿಂಗ ಮೂರು ಊರಾಗ ಕುಂಡ್ರತೇನಿ. ಮಂದಿ ಅಡ್ಡಾಡೂದು ತಪ್ಲಿ ಅಂತ ಮಾಡಿದ್ದೆ. ಆದ್ರ ಗುರ್ತಿನವರು ನೋಡ್ತಾರಂತ ಜಮಖಂಡಿಯವರು ಮುಧೋಳಕ್ಕ ಬರ್ತಾರ, ಮುಧೋಳದವರು ಬನಹಟ್ಟಿಗೆ, ಬನಹಟ್ಟಿಯವರು ಜಮಖಂಡಿಗೆ. ಅಡ್ಡಾಡೂದು ಇನ್ನೂ ಹೆಚ್ಚಾತು.

ಒಮ್ಮೆ ಮುಧೋಳದಾಗ ಇಬ್ರು ಬೀಗರು ಎದುರಾಬದುರಾ ಆದ್ರು. ಮನಿಯವರಿಗೆ ತೋರ್ಸಾಕ ಬಂದೇನ್ರಿ ಅಂತ ಒಬ್ರು, ನಮ್ಮಾಕಿದೂ ಅದ ಹಣೇಬಾರ ಅಂತ ಇನ್ನೊಬ್ರು. ಇಬ್ರೂ ಚಹಾ ಕುಡದು, ಒಬ್ರ ಹೆಂಡ್ತಿ ಸಲುವಾಗಿ ಒಬ್ರು ಮರಗಿ, ನನಗ ತೋರಿಸದ ಹೊಳ್ಳಿ ಹೋದ್ರು. ಹೆಣ್ಮಕ್ಕಳಿಬ್ರೂ ಮನ್ಯಾಗ ಆರಾಮ ರೊಟ್ಟಿ ಬಡಿಯಾಕತ್ತಿದ್ರು.

ಯಾರ ನಿದ್ದಿ

ಬನಹಟ್ಟಿಯಿಂದ ಒಬ್ಬಾಕಿ ಮುದಕಿ ಸೋಮವಾರಕ್ಕೊಮ್ಮೆ ಜಮಖಂಡಿಗೆ ಬರ್ತಿದ್ಲು. ಕಬ್ಬಿನ ಹಂಗಾಮಿನ್ಯಾಗ ಲೈಟಿಲ್ಲದ ನಿಂತಿದ್ದ ಟ್ರ್ಯಾಕ್ಟರ್ ಟ್ರಾಲಿಗೆ ಬೈಕ್ ಬಡದು, ಇದ್ದೊಬ್ಬ ಮಗ ತೀರಿಕೊಂಡಿದ್ದ. ಈಗ ಮನ್ಯಾಗ ಇಕಿ ಮತ್ತ ಸೊಸಿ, ಇಬ್ಬರ.

"ಸೊಸಿ ಮುಂದ ಅತ್ರ ಅಕಿ ಎದಿ ಒಡಿತೈತ್ರಿ," ಅಂದ್ಲು. "ಮನ್ಯಾಗಿನ ಮಗ್ಗ ಚಾಲೂ ಮಾಡಿ ಅಳ್ತೇನಿ. ಸಪ್ಪಳದಾಗ ಕೇಳ್ಸೂದಿಲ್ಲ."

ನಿದ್ದಿ ಇಲ್ಲ ಅಂದಿದ್ದಕ್ಕ ಗುಳಿಗಿ ಕೊಟ್ಟೆ.

ಅದ ವಾರ ಮುಧೋಳಕ್ಕ ಒಬ್ಬಾಕಿ ಸಣ್ಣ ವಯಸ್ಸಿನ ಹೆಣ್ಮಗಳು ಬಂದ್ಲು. ಹೇಳ್ತಾ ಹೋದಂಗ ಗೊತ್ತಾತು, ಅದ ಮುದಕಿ ಸೊಸಿ. ಅತ್ತಿ ಮುಂದ ಅಳೂಹಂಗಿಲ್ಲ, ನಿದ್ದಿ ಇಲ್ಲ, ಎಲ್ಲಾ ಅದ ಮಾತು. ನಾ ಮಲಗಿದಾಕಿ ಏಳದಂಗ ಆದ್ರ ಛಲೋ ಅಂತನೂ ಅಂದ್ಲು. ಗುಳಿಗಿ ಒಂದು ವಾರದ್ದಷ್ಟ ಕೊಟ್ಟು, ಇದನ್ನ ಅತ್ತಿ ಕೈಯಾಗ ಇಡವಾ, ಅವರಿಗೆ ಎಲ್ಲಾ ಹೇಳು ಅಂದೆ. ಅತ್ತಿಗೆ ಗೊತ್ತಾದ್ರ ನಿಮ್ಮ ಕಡೆ ಬರೂದ ಬಿಡ್ತೇನಿ ಅಂದ್ಲು. ಇಕಿ ಬರೂದು ಬಿಟ್ರ ಏನಾಕ್ಕೈತೋ ಅನ್ನೂ ಅಂಜಿಕಿ ನನಗ. ಆತವಾ, ನಾ ಯಾರಿಗೂ ಹೇಳೂದಿಲ್ಲ ಅಂದೆ.

ಮುಂದಿನ ಸೋಮವಾರ ಮುದಕಿ ಸಿಟ್ಟಿಲೇ ಬಂದ್ಲು. ಇಕಿ ಗುಳಿಗಿ ನುಂಗೂದರಾಗ ಸೊಸಿ ಮಲಗಿಬಿಟ್ಟಿರ್ತಾಳಂತ. "ನನ್ನ ಮಗ ಹ್ವಾದ್ರೂ ಅಕಿಗೆ ಹೆಂಗ ನಿದ್ದಿ ಬರ್ತೈತ್ರಿ?" ಬುಧವಾರ ಸೊಸಿ ಬಂದು, ಬೆಳಕ ಹರದ್ರೂ ಅತ್ತಿ ಗೊರಕಿ ಹೊಡಿತಾರ್ರಿ, ಹಡದಾಕಿಗೆ ಇಂಥಾ ನಿದ್ದಿ ಹೆಂಗ ಬರ್ತೈತಿ ಅಂತ ಕೇಳಿದ್ಲು. ಆ ನಿದ್ದಿನೂ ನಾ ಕೊಟ್ಟಿದ್ದ, ಆ ಗೊರಕಿನೂ ನಾ ಕೊಟ್ಟಿದ್ದ. ಮನ್ಯಾಗ ಇಬ್ಬರಿಗೂ ಮಾತ ನಿಂತುಹೋತು. ಇಬ್ರೂ ಛಲೋ ಮಲಗಾಕತ್ರು, ನಾ ಎದ್ದು ಕುಂಡ್ರಾಕತ್ತೆ.

ಹಲ್ಲು ನೋವು

ಹಿಂಗಿರಬೇಕಾದ್ರ ಕಬ್ಬಿನ ರೇಟಿನ ಸಲುವಾಗಿ ರೈತರು ಮುಧೋಳ ರಸ್ತಾ ಬಂದ್ ಮಾಡಿದ್ರು. ನಮ್ಮ ಕಂಪೌಂಡರ್ ನನ್ನ ಒಂದು ಮಾತು ಕೇಳದ, ಬುಧವಾರದವರಿಗೆಲ್ಲಾ ಫೋನ್ ಹಚ್ಚಿ, ಸೋಮವಾರ ಜಮಖಂಡಿಗೆ ಬರ್ರಿ ಅಂದುಬಿಟ್ಟ.

ಸೋಮವಾರ ನಾ ಹೊರಗ ಬಂದು ನೋಡ್ತೇನಿ, ಸೊಸಿ ಹಲ್ಲಿನ ಡಾಕ್ಟರ್ ಬೆಂಚಿನ ಮ್ಯಾಲೆ ಸೆರಗ ಮುಂದ ಎಳಕೊಂಡು ಕುಂತಾಳ. ಗುಳಿಗಿ ತೀರಿದ ಖಾಲಿ ಸ್ಟ್ರಿಪ್ ಕೈಯಾಗ ಐತಿ. ಅಷ್ಟರಾಗ ಮುದಕಿ ಬಂದು, ನೋಡದ ಅಕಿ ಬಾಜೂಕ ಕುಂತ್ಲು.

"ಅತ್ತಿ, ನೀವಿಲ್ಲಿ?"

"ಹಲ್ಲು ನೋಯಾಕತ್ತಿತ್ತವಾ," ಅಂದ್ಲು ಮುದಕಿ.

ಮುದಕಿ ಬಾಯಾಗ ಒಂದೂ ಹಲ್ಲಿಲ್ಲ. ದಿನಾ ಹಾಲಿನ್ಯಾಗ ರೊಟ್ಟಿ ಮುರದು ನೆನಸಿಕೊಡಾಕಿ ಆ ಸೊಸಿನ. ಅಕಿಗೆ ತಡಿಯಾಕ ಆಗಲಿಲ್ಲ, ಸೆರಗ ಬಾಯಾಗ ತುರಕೊಂಡು ನಕ್ಳು. ನಗತಾ ನಗತಾ ಅಳಾಕ ಹತ್ತಿದ್ಲು.

ಮುದಕಿ ಅಕಿ ಕೈಯಾನ ಸ್ಟ್ರಿಪ್ ನೋಡಿದ್ಲು. ತನ್ನ ಸಂಚಿ ಬಿಚ್ಚಿ, ಎಲಿ ಅಡಿಕಿ ನಡುವಿಂದ ಅಂಥಾದ ಸ್ಟ್ರಿಪ್ ತಗದ್ಲು.

"ಅದಕ್ಕ ನಿದ್ದಿ ಬರ್ತಿತ್ತೇನ ಯವ್ವಾ ನಿನಗ?"

"ನಿಮಗೂ ಅದಕ್ಕ ಏನ್ರಿ? ಗುಳಿಗಿ ನಿಮ್ಮ ಕೈಯಾಗ ಇಡು ಅಂದಿದ್ರು ಡಾಕ್ಟ್ರು."

"ಇನ್ನ ನಿನ್ನ ಗುಳಿಗಿ ನನ್ನ ಸಂಚ್ಯಾಗ ಇರ್ತಾವು," ಅಂತ ಮುದಕಿ ಅಕಿ ತಲಿ ಎದಿಗೆ ಒತ್ತಿಕೊಂಡ್ಲು. ಆಮ್ಯಾಲೆ ಇಬ್ರೂ ಅತ್ರು. ಮಗ್ಗಿಲ್ಲ, ಸಪ್ಪಳಿಲ್ಲ, ಇಡೀ ಓಣಿಗೆ ಕೇಳೂಹಂಗ ಅತ್ರು. ನನ್ನ ಕಣ್ಣಾಗೂ ನೀರು ಬಂದ್ವು.

ಬೆಂಚಿನ ಮ್ಯಾಲಿದ್ದ ಖರೇ ಹಲ್ಲಿನ ಪೇಶಂಟ್‌ಗಳು ಮಾರಿ ಮಾರಿ ನೋಡಿ ಒಬ್ಬೊಬ್ಬರ ಎದ್ದು ಹೋದ್ರು. ಕಡೀಗೆ ಒಬ್ಬಾಂವ ಉಳದಿದ್ದ, ಅಂವನೂ ಗಲ್ಲಾ ಹಿಡಕೊಂಡು ಚಪ್ಪಲಿ ಹುಡುಕಾಕತ್ತ. ಹಲ್ಲು ಕಿತ್ರ ಅಷ್ಟು ನೋವಾಗೂದಿಲ್ಲೋ ಮಾರಾಯಾ, ಕುಂದರು ಅಂದೆ. ಅಂವ ನಂಬಲಿಲ್ಲ, ಹೋಗೇಬಿಟ್ಟ.