ಹಾರ್ನ್ ಹೊಡೆದರೆ ಪೆಟ್ರೋಲ್ ಏರುವ ಕಾರು

ನಮ್ಮ ಚಿಕ್ಕಪ್ಪನ ಕಾರಿಗೆ ಪೆಟ್ರೋಲ್ ಹಾಕಿಸಬೇಕಾಗಿಲ್ಲ, ಹಾರ್ನ್ ಹೊಡೆದರೆ ಸಾಕು! ನಗಬೇಡಿ, ನಾನು ಕಣ್ಣಾರೆ ಕಂಡಿದ್ದೇನೆ. ಕಾಲು ಟ್ಯಾಂಕಿನ ಹತ್ತಿರ ತೂಕಡಿಸುತ್ತಿರುವ ಮುಳ್ಳು, ಹಾರ್ನ್ ಒತ್ತಿದ ಕೂಡಲೇ ಅರ್ಧ ಟ್ಯಾಂಕಿಗೆ ಜಿಗಿಯುತ್ತದೆ. ಹೆಡ್‌ಲೈಟ್ ಹಾಕಿದರೆ ಮುಕ್ಕಾಲು. ಇಂಡಿಕೇಟರನ್ನೂ ಹಾಕಿಬಿಟ್ಟರೆ, ಎಂಜಿನ್ನಿನ ಬಿಸಿ ತೋರಿಸುವ ಪಕ್ಕದ ಮುಳ್ಳು ಟಿಕ್ ಟಿಕ್ ಎಂದು ತಾಳಕ್ಕೆ ಸರಿಯಾಗಿ ಕುಣಿಯತೊಡಗುತ್ತದೆ. ಲೋಕವೆಲ್ಲ ಪೆಟ್ರೋಲಿನ ಬೆಲೆ ಕೇಳಿ ಬಾಯಿ ಬಾಯಿ ಬಡಿದುಕೊಳ್ಳುತ್ತಿರುವಾಗ, ಕುಶಾಲನಗರದ ಪಕ್ಕದ ಒಂದು ಶುಂಠಿ ಗದ್ದೆಯ ಅಂಚಿನಲ್ಲಿ ಇಂಥದೊಂದು ಅಕ್ಷಯಪಾತ್ರೆ ಇದೆಯೆಂದು ಯಾರಿಗಾದರೂ ಗೊತ್ತೇ?

ಈ ಕಾರನ್ನು ಯಾವ ಕಂಪನಿಯೂ ಮಾಡಿದ್ದಲ್ಲ. ಚಿಕ್ಕಪ್ಪನೇ ಮನೆಯ ಹಿಂದಿನ ಶೆಡ್ಡಿನಲ್ಲಿ ಕೂತು ಮಾಡಿದ್ದು. ಎಂಜಿನ್ನು ಗುಜರಿ ಸೇರಿದ್ದ ಒಂದು ಹಳೇ ವ್ಯಾನಿನದು. ಮೈಯೆಲ್ಲ ಸಿಲ್ವರ್ ಓಕ್ ಹಲಗೆ. ಡ್ರೈವರ್ ಸೀಟು, ಬಾಗಿಲು ಮುಚ್ಚಿಕೊಂಡ ಯಾವುದೋ ಸೆಲೂನಿನ ಕುರ್ಚಿ. ಅದರಲ್ಲಿ ಕೂತಾಗಲೆಲ್ಲ ಹಿಂದಿನಿಂದ ಯಾರೋ ಬಂದು ಕತ್ತಿಗೆ ಬಿಳಿ ಬಟ್ಟೆ ಕಟ್ಟಿಬಿಡುತ್ತಾರೇನೋ ಎಂದು ನನಗೆ ದಿಗಿಲಾಗುತ್ತದೆ. ಡ್ಯಾಶ್‌ಬೋರ್ಡ್ ಮಾತ್ರ ಅಲ್ಯೂಮಿನಿಯಂ. ಅದು ತಾನು ಹಪ್ಪಳ ಒಣಗಿಸುತ್ತಿದ್ದ ದೊಡ್ಡ ತಗಡು ಎಂಬುದು ಚಿಕ್ಕಮ್ಮನಿಗೆ ಗೊತ್ತಾಗುವ ಹೊತ್ತಿಗೆ ಮೀಟರುಗಳಿಗೆ ತೂತು ಕೊರೆದು ಆಗಿತ್ತು.

"ರೀ, ಇನ್ಮೇಲೆ ನಾನು ಹಪ್ಪಳ ಎಲ್ಲಿ ಒಣಗಿಸ್ಲಿ?"

"ಬಾನೆಟ್ ಮೇಲೆ ಹಾಕು. ಮೇಲಿಂದ ಬಿಸ್ಲು, ಕೆಳಗಿಂದ ಎಂಜಿನ್ ಕಾವು. ಎರಡು ಕಡೆನೂ ಒಣಗುತ್ತೆ!"

ಈ ಉತ್ತರ ಬಂದದ್ದು ಕಾರಿನ ಅಡಿಯಿಂದ. ಚಿಕ್ಕಪ್ಪ ಹಗಲೆಲ್ಲ ಯಾವುದಾದರೊಂದು ಯಂತ್ರದ ಕೆಳಗೆ ಮಲಗಿರುತ್ತಾನೆ, ಹೊರಗೆ ಕಾಣುವುದು ಎರಡು ಕಾಲು ಮಾತ್ರ. ಚಿಕ್ಕಮ್ಮ ಸಂಸಾರದ ಕಷ್ಟಸುಖವನ್ನೆಲ್ಲ ಆ ಕಾಲುಗಳಿಗೇ ಹೇಳಿಕೊಂಡು ಬಂದವಳು. ಕಾಲು ಅಲ್ಲಾಡಿದರೆ ಒಪ್ಪಿಗೆ, ಅಲ್ಲಾಡದಿದ್ದರೆ ಕೇಳಿಸಿಲ್ಲ!

ಇನ್ನು, ಇಂಥ ವಾಹನಕ್ಕೆ ನಂಬರ್ ಪ್ಲೇಟ್ ಯಾವ ಪುಣ್ಯಾತ್ಮ ಕೊಡುತ್ತಾನೆ ಹೇಳಿ? ಹಾಗಾಗಿ ಅದರ ಸವಾರಿಯೆಲ್ಲ ನಮ್ಮ ಗದ್ದೆ ದಾರಿಯಲ್ಲಿ ಮತ್ತು ಪಕ್ಕದ ಎಸ್ಟೇಟಿನ ಒಳರಸ್ತೆಯಲ್ಲಿ. ಅಷ್ಟರಲ್ಲೇ ಅದು ಊರಿನವರಿಗೆಲ್ಲ ಪುಕ್ಕಟೆ ಮನರಂಜನೆಯಾಯಿತು. "ಒಂದು ಸಲ ಹಾರ್ನ್ ಹೊಡಿ ಅಣ್ಣ, ಟ್ಯಾಂಕ್ ತುಂಬ್ಲಿ" ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಕಿಚಾಯಿಸತೊಡಗಿದರು.

ಚಿಕ್ಕಪ್ಪನಿಗೆ ಇದು ಮಾನದ ಪ್ರಶ್ನೆಯಾಯಿತು. ಪೇಟೆಯಿಂದ ಎಲೆಕ್ಟ್ರಿಷಿಯನ್ ಬಂದು ಮೀಟರ್ ಬದಲಾಯಿಸಿದ. ಹೊಸ ಮೀಟರು ಹಳೆಯದಕ್ಕಿಂತ ಧಾರಾಳಿ, ಹಾರ್ನ್ ಹೊಡೆದರೆ ಮುಕ್ಕಾಲು ದಾಟಿ ಹೋಯಿತು! ಅವನು ಟೆಸ್ಟರನ್ನು ಜೇಬಿಗೆ ಸೇರಿಸಿ, "ಅಣ್ಣ, ನಂಗೆ ಗೊತ್ತಿರೋದು ಕಾರಿನ ವೈರಿಂಗು. ನೀವು ಮಂಚಕ್ಕೆ ವೈರಿಂಗ್ ಮಾಡಿದ್ದೀರ" ಎಂದು ಕೈಮುಗಿದು ಹೊರಟುಹೋದ.

ಆಗ ಚಿಕ್ಕಪ್ಪನ ಕಣ್ಣು ಪಕ್ಕದ ಎಸ್ಟೇಟಿನ ಆನೆ ಬೇಲಿಯ ಮೇಲೆ ಬಿತ್ತು. ಸೋಲಾರ್ ತಂತಿಯ ಕರೆಂಟು ಗಾಳಿಯಲ್ಲಿ ಸೋರಿ ತನ್ನ ಮೀಟರನ್ನು ಕೆಡಿಸುತ್ತಿದೆ ಎಂದು ಎಸ್ಟೇಟಿನ ಸಾಹುಕಾರರ ಮುಂದೆ ವಾದ ಮಂಡಿಸಿದ. ಅವರು ಕೊಡವರು, ಗಂಭೀರ ಮನುಷ್ಯ. ಪಾಪ, ಪೂರ್ತಿ ಕೇಳಿಸಿಕೊಂಡರು.

"ಎಂತ ಮಾರಾಯ ನೀನು! ನನ್ನ ಬೇಲಿಯ ಕರೆಂಟು ನಿನ್ನ ಪೆಟ್ರೋಲ್ ಟ್ಯಾಂಕಿಗೆ ಹೇಗೆ ಬರುವುದು?"

"ಒಂದೇ ಒಂದು ಸಾಯಂಕಾಲ ಆಫ್ ಮಾಡಿ ಸಾಹುಕಾರ್ರೆ. ಸತ್ಯ ಹೊರಗೆ ಬರುತ್ತೆ."

ಆಫ್ ಮಾಡಿದರು. ಚಿಕ್ಕಪ್ಪ ಹಾರ್ನ್ ಹೊಡೆದ. ಮುಳ್ಳು ಎಂದಿನಂತೆ ಜಿಗಿಯಿತು. ಆ ಬೇಸರದಲ್ಲಿ ಬೇಲಿಯನ್ನು ಮತ್ತೆ ಆನ್ ಮಾಡಲು ಹೇಳುವುದನ್ನೇ ಮರೆತ! ಬೆಳಿಗ್ಗೆ ನೋಡಿದರೆ ಸಾಹುಕಾರರ ಬಾಳೆಗಿಡ ಒಂದೂ ನಿಂತಿರಲಿಲ್ಲ. ಸತ್ಯ ಹೊರಗೆ ಬರಲಿಲ್ಲ, ಆನೆ ಒಳಗೆ ಬಂತು. ಚಿಕ್ಕಪ್ಪ ಮಾತ್ರ, "ಬೇಲಿ ಕಾರಣ ಅಲ್ಲ ಅಂತಾದ್ರೂ ಗೊತ್ತಾಯ್ತಲ್ಲ" ಎಂದು ಸಮಾಧಾನಪಟ್ಟುಕೊಂಡ.

ಹೀಗಿರುವಾಗ ಚಿಕ್ಕಮ್ಮನ ಅಕ್ಕ ಮಂಡಿನೋವಿನಿಂದ ಮಲಗಿದ್ದಾಳೆಂದು ಸುದ್ದಿ ಬಂತು. ಅವಳ ಮನೆ ಎಸ್ಟೇಟಿನ ಆಚೆ ತುದಿಯಲ್ಲಿ. ಚಿಕ್ಕಮ್ಮ ಅದುವರೆಗೆ ಆ ಕಾರಿಗೆ ಕಾಲಿಟ್ಟವಳಲ್ಲ. ಈಗ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು.

"ದಾರೀಲಿ ನಿಂತ್ರೆ ಇದನ್ನ ಗುಜರಿಗೆ ಹಾಕ್ಬೇಕು. ಆಮೇಲೆ ಇನ್ನೊಂದು ಮಾಡ್ತೀನಿ ಅನ್ಬಾರ್ದು."

ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. ಆದರೂ ಒಪ್ಪಿದ. ಸಾಕ್ಷಿಗೆಂದು ನನ್ನನ್ನು ಹಿಂದಿನ ಹಲಗೆಯ ಮೇಲೆ ಕೂರಿಸಿದರು. ಚಿಕ್ಕಮ್ಮ ಅಕ್ಕನಿಗೆಂದು ಅಕ್ಕಿರೊಟ್ಟಿ, ಕಳಲೆ ಪಲ್ಯ ತುಂಬಿದ ಸ್ಟೀಲ್ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಕೂತವಳಂತೆ ನೆಟ್ಟಗೆ ಕೂತಳು.

ಮಂಜು ಕವಿದಿತ್ತು. ಚಿಕ್ಕಪ್ಪ ಹೆಡ್‌ಲೈಟ್ ಹಾಕಿದ. ಮುಳ್ಳು ಮುಕ್ಕಾಲಿಗೆ ಏರಿತು. ಕಾಫಿ ಗಿಡಗಳ ನಡುವೆ ಕಾರು ಏನೂ ತೊಂದರೆಯಿಲ್ಲದೆ ಹೋಗುತ್ತಿತ್ತು. ಚಿಕ್ಕಮ್ಮನ ಮುಖದಲ್ಲಿ ಒಂದು ಚೂರು ನಗುವೂ ಕಂಡಿತು ಎನ್ನುವಾಗಲೇ ಎಂಜಿನ್ನು ಗೊರ ಗೊರ ಎಂದು ಕೆಮ್ಮಿ ನಿಂತುಬಿಟ್ಟಿತು.

ಚಿಕ್ಕಪ್ಪ ಕೀಲಿ ತಿರುಗಿಸಿದ, ಮತ್ತೆ ತಿರುಗಿಸಿದ. "ಮುಳ್ಳು ಮುಕ್ಕಾಲು ತೋರಿಸ್ತಿದೆ. ಹೆಡ್‌ಲೈಟಿನ ಸುಳ್ಳು ಕಳೆದ್ರೂ ಕಾಲು ಟ್ಯಾಂಕ್ ಪೆಟ್ರೋಲ್ ಇರ್ಬೇಕು. ಎಂಜಿನ್ನೇ ಹೋಯ್ತು ಅನ್ಸುತ್ತೆ" ಎಂದ. ದನಿ ಸಣ್ಣಗಾಗಿತ್ತು. ಅವನನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ.

ಚಿಕ್ಕಮ್ಮ ನಿಟ್ಟುಸಿರು ಬಿಟ್ಟು, ತೊಡೆ ನೋಯುತ್ತದೆಂದು ಕ್ಯಾರಿಯರನ್ನು ಕೆಳಗಿಟ್ಟಳು. ಅದು ಒಂದು ಕಡೆ ಗೇರಿನ ಕಬ್ಬಿಣದ ಸರಳಿಗೆ, ಇನ್ನೊಂದು ಕಡೆ ಡ್ಯಾಶ್‌ಬೋರ್ಡಿನ ತಗಡಿಗೆ ಒರಗಿ ನಿಂತಿತು. ಮುಳ್ಳು ದೊಪ್ಪನೆ ಸೊನ್ನೆಗೆ ಬಿತ್ತು!

"ಏ ಇವ್ಳೆ, ಏನ್ ಮಾಡ್ದೆ? ಪೆಟ್ರೋಲೆಲ್ಲ ಎಲ್ಲಿಗೆ ಹೋಯ್ತು?"

"ನಾನೇನು ಕುಡಿದ್ಬಿಟ್ನಾ?" ಎಂದು ಚಿಕ್ಕಮ್ಮ ಕೋಪದಿಂದ ಕ್ಯಾರಿಯರನ್ನು ಎತ್ತಿಕೊಂಡಳು. ಮುಳ್ಳು ಮತ್ತೆ ಮುಕ್ಕಾಲಿಗೆ! ಕೆಳಗಿಟ್ಟಳು, ಸೊನ್ನೆ. ಎತ್ತಿದಳು, ಮುಕ್ಕಾಲು.

ಚಿಕ್ಕಪ್ಪ ಸೆಲೂನ್ ಕುರ್ಚಿಯಲ್ಲಿ ಕೂತಲ್ಲೇ ಕುಪ್ಪಳಿಸಿದ. "ಅರ್ತ್! ಅರ್ತ್ ಇಲ್ಲ ಕಣೋ!"

ಆಮೇಲೆ ನನಗೆ ವಿವರಿಸಿದ. ಬೇರೆ ಕಾರುಗಳದ್ದು ಕಬ್ಬಿಣದ ಮೈ. ಲೈಟು, ಹಾರ್ನಿಗೆ ಹೋದ ಕರೆಂಟು ಆ ಮೈಯ ಮೂಲಕವೇ ಬ್ಯಾಟರಿಗೆ ಮರಳುತ್ತದೆ, ಅದೇ ಅರ್ತ್. ಇದರದ್ದು ಮರದ ಮೈ. ಎಲ್ಲದರ ಕರೆಂಟೂ ಹಪ್ಪಳದ ತಗಡಿಗೆ ಬಂದು, ಅಲ್ಲಿಂದ ಒಂದು ಬಡಕಲು ವೈರಿನಲ್ಲಿ ನೂಕುನುಗ್ಗಲು ಮಾಡಿಕೊಂಡು ವಾಪಸಾಗಬೇಕಿತ್ತು. ದಾರಿ ಸಾಲದೆ ಅದು ಮೀಟರಿನೊಳಗೆ ನುಗ್ಗಿ ಮುಳ್ಳನ್ನು ಎಬ್ಬಿಸುತ್ತಿತ್ತು. ಗೇರಿನ ಸರಳು ಸೇರುವುದು ಬ್ಯಾಟರಿಗೆ ಕಟ್ಟಿದ ಎಂಜಿನ್ನಿಗೆ. ಕ್ಯಾರಿಯರು ಅದಕ್ಕೂ ತಗಡಿಗೂ ತಾಗಿದ್ದೇ ಕರೆಂಟಿಗೆ ರಾಜಮಾರ್ಗ ಸಿಕ್ಕಿ, ಮುಳ್ಳು ನಿಜ ಹೇಳಿತು. ಪೆಟ್ರೋಲ್ ಖಾಲಿ!

"ಅಂದ್ರೆ ಎಂಜಿನ್ ಚೆನ್ನಾಗಿದೆ" ಎಂದು ಹಿಗ್ಗಿದ ಚಿಕ್ಕಪ್ಪನಿಗೆ ತಟ್ಟನೆ ಷರತ್ತು ನೆನಪಾಯಿತು. ತಲೆ ಕೆಳಗೆ ಹಾಕಿದ. "ಆದ್ರೂ ದಾರೀಲಿ ನಿಂತಿದ್ದು ನಿಂತಿದ್ದೇ. ಮಾತು ಮಾತೇ. ನಾಳೆ ಗುಜರಿಯವನಿಗೆ ಹೇಳ್ತೀನಿ."

ಚಿಕ್ಕಮ್ಮ ಅವನ ಕಡೆ ತಿರುಗಿದಳು. "ಪೆಟ್ರೋಲ್ ಇಲ್ದೆ ಇದ್ರೆ ಕಾರೇನು ಮಾಡುತ್ತೆ ಪಾಪ? ಗುಜರಿಗೆ ಹಾಕ್ಬೇಕಾಗಿರೋದು ಹಾಕ್ಸಿಕೊಳ್ದೆ ಬಂದವರನ್ನ. ಆ ಸಪ್ಪೆ ಮುಖ ಬಿಡಿ ಮೊದ್ಲು" ಎಂದಳು.

ಪೆಟ್ರೋಲ್ ತರಲು ನಾನು ಹೊರಟೆ. ಸಾಹುಕಾರರು ಬಾಳೆಯ ಶೋಕವನ್ನು ಮರೆತು, ಕಳೆ ಕೊಚ್ಚುವ ಮಷಿನ್ನಿಗೆಂದು ಇಟ್ಟಿದ್ದ ಪೆಟ್ರೋಲನ್ನು ಒಂದು ಕ್ಯಾನಿಗೆ ಸುರಿದುಕೊಟ್ಟರು. ಬೇಗ ಬೇಗ ವಾಪಸು ಬಂದೆ. ತಿರುವಿನಲ್ಲಿ ಮಾತು ಕೇಳಿಸಿ ಅಲ್ಲೇ ನಿಂತೆ.

ಇಬ್ಬರೂ ಕಾರಿನಲ್ಲೇ ಕೂತಿದ್ದರು. ಅಕ್ಕನ ಪಾಲಿನ ರೊಟ್ಟಿಯ ಕ್ಯಾರಿಯರು ಬಿಚ್ಚಿಕೊಂಡಿತ್ತು. ಚಿಕ್ಕಮ್ಮ ಮಾತಾಡುತ್ತಿದ್ದಳು. ಮದುವೆಯಾಗಿ ಹಾಸನದ ಕಡೆಯಿಂದ ಇಲ್ಲಿಗೆ ಬಂದ ಹೊಸತರಲ್ಲಿ, ನಾಟಿ ಗದ್ದೆಯಲ್ಲಿ ಕಾಲಿಗೆ ಹತ್ತಿದ ಜಿಗಣೆ ನೋಡಿ ಬದುವಿನ ಮೇಲೆ ಕೂತು ಅತ್ತದ್ದನ್ನು ಹೇಳುತ್ತಿದ್ದಳು. ತವರಿಗೆ ಓಡಿಹೋಗೋಣ ಎಂದುಕೊಂಡು ಬಸ್ ಸ್ಟ್ಯಾಂಡಿನವರೆಗೂ ಹೋಗಿದ್ದಳಂತೆ.

"ಬಸ್ ಸ್ಟ್ಯಾಂಡಿಗೆ ಹೋಗಿದ್ಯಾ? ನಂಗೆ ಗೊತ್ತೇ ಇರ್ಲಿಲ್ವಲ್ಲೇ!"

"ನಿಮಗೆಲ್ಲಿ ಗೊತ್ತಾಗುತ್ತೆ? ನೀವು ಪಂಪ್‌ಸೆಟ್ ಬಿಚ್ಕೊಂಡು ಕೂತಿದ್ರಿ."

ಚಿಕ್ಕಪ್ಪನ ಕೈಯಲ್ಲಿ ಸ್ಪಾನರ್ ಇರಲಿಲ್ಲ. ರೊಟ್ಟಿಯ ತುಂಡೊಂದು ಬಾಯಿಗೂ ಹೋಗದೆ ಹಾಗೇ ಉಳಿದಿತ್ತು. ಅವನು ಅವಳನ್ನೇ ನೋಡುತ್ತಿದ್ದ.

ನಾನು ಕ್ಯಾನನ್ನು ಮೆಲ್ಲಗೆ ಒಂದು ಕಾಫಿ ಗಿಡದ ಬುಡದಲ್ಲಿಟ್ಟು, ಬರಿಗೈಯಲ್ಲಿ ಮುಂದೆ ಬಂದೆ.

"ಸಿಕ್ತೇನೋ ಮಗ?" ಎಂದಳು ಚಿಕ್ಕಮ್ಮ.

"ಇಲ್ಲ ಚಿಕ್ಕಮ್ಮ. ಕೂಲಿಯವರ ಲೈನ್ ಮನೆಗಳ ಹತ್ರ ಯಾರನ್ನಾದ್ರೂ ಕೇಳ್ಕೊಂಡು ಬರ್ತೀನಿ. ಸ್ವಲ್ಪ ಹೊತ್ತಾಗ್ಬಹುದು."

"ಆಗ್ಲಿ ಬಿಡು. ಅವಸರ ಇಲ್ಲ, ನಿಧಾನಕ್ಕೇ ಬಾ."

ಚಿಕ್ಕಪ್ಪ ನನ್ನ ಕಡೆ ತಿರುಗಲೂ ಇಲ್ಲ. "ಹೇಳೇ," ಎಂದ ಅವಳಿಗೆ, "ಆಮೇಲೆ? ವಾಪಸ್ ಯಾಕೆ ಬಂದೆ?"