ಅಟ್ಟ ಹತ್ತಿ ತುಂಬಿ

ಸಮಸ್ತ ಬೀದಿಯ ಗಮನಕ್ಕೆ: ಮೂಲೆಮನೆಯ ಕಾಮಾ ಸಾರ್ ಚಳಿ ತಡೆಯಲಾರದೆ ತಮ್ಮ ಮನೆಗೆ ಸ್ವೆಟರ್ ತೊಡಿಸಲು ತೀರ್ಮಾನಿಸಿದ್ದಾರೆ. ಚಳಿ ತಡೆಯುವ ಪದರ ಅಟ್ಟಕ್ಕೋ ಗೋಡೆಗೋ ಎಂಬುದಷ್ಟೇ ಬಾಕಿ.

ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಾ ಕಂಡಕಂಡಲ್ಲಿ ಕಾಮಾ ಹಾಕುವುದರಿಂದ ಅವರಿಗೆ ಆ ಹೆಸರು. ಸ್ವಂತ ಬಾಳಿನಲ್ಲೂ ಒಂದು ಕಾಮಾ ಹಾಕಿಕೊಂಡು ಕೂತಿದ್ದರು. ಮುಂದಿನ ಪದ ಬಂದೇ ಇರಲಿಲ್ಲ. ಆ ಮನೆಯೊಳಗೆ ಒಬ್ಬರೇ, ಫ್ರಿಜ್ಜಿನಲ್ಲಿ ಮರೆತ ನಿಂಬೆಹೋಳಿನ ಹಾಗೆ ಒಣಗುತ್ತಿದ್ದರು.

ಬೆಳಗ್ಗೆ ಗೇಟಿನ ಬಳಿ ಸಭೆ ಸೇರಿತು.

“ಗೋಡೆಗೆ ಫೋಮ್ ಹೊಡ್ಸಿ ಸಾರ್,” ಅಂದ ಎದುರುಮನೆಯ ಮೆಡಿಕಲ್ ಶಾಪಿನವನು. “ಬರೀ ಅಟ್ಟಕ್ಕೆ ಮಾಡ್ಸೋದು ಟೋಪಿ ಹಾಕ್ಕೊಂಡು ಪ್ಯಾಂಟ್ ಮರೆತ ಹಾಗೆ.”

“ಗೋಡೆಗೇ ಸರಿ, ಆದ್ರೆ ಗ್ಲಾಸ್ ವೂಲ್ ಅಣ್ಣ,” ಅಂದಳು ಡ್ರೈವಿಂಗ್ ಸ್ಕೂಲಿನ ಅಕ್ಕ. “ನಮ್ಮತ್ತೆ ಮನೇಲಿ ಹಾಕ್ಸಿದ್ವಿ. ಮೊದ್ಲು ಅತ್ತೆ ಒಬ್ರೇ ಬಿಸಿ ಇದ್ರು, ಈಗ ಮನೇನೂ ಬಿಸಿ. ಪಕ್ಕದ ಮನೆ ಸದ್ದೂ ಕೇಳಲ್ಲ.”

ಕಾಮಾ ಸಾರ್ ಬೆಚ್ಚಗಾಗುವ ಮೊದಲೇ ಬೆಚ್ಚಿದರು.

ಆ ಸದ್ದೇ ಅವರ ಸಂಸಾರ. ಗೋಡೆಯಾಚೆ ಒಬ್ಬ ಅಜ್ಜಿ, ಅವರ ಮಗ. ಅಜ್ಜಿಗೆ ಕಣ್ಣು ಮಂಜು, ಕಿವಿ ಚುರುಕು. ದಿನಾ ಸಂಜೆ ಅವರು ಮಗನನ್ನು “ಊಟ ಆಯ್ತೇನೋ?” ಅಂತ ಕೇಳಿದರೆ, ಈಚೆ ತಟ್ಟೆ ಹಿಡಿದು ಗೋಡೆಗೊರಗಿದ ಕಾಮಾ ಸಾರ್ “ಆಯ್ತಮ್ಮ” ಅನ್ನುತ್ತಿದ್ದರು. “ಸಾಕ್ಸ್ ಹಾಕ್ಕೊಂಡ್ಯಾ?” ಅಂದರೆ ಓಡಿಹೋಗಿ ಹಾಕಿಕೊಳ್ಳುತ್ತಿದ್ದರು.

ಹಾಗಾಗಿ ಗೋಡೆ ಮುಟ್ಟುವಂತಿಲ್ಲ. ಅಟ್ಟಕ್ಕೆ ಮಾತ್ರ. ಹಿಂದಿನ ದಿನ ಕೆಲಸದವನು ಥರ್ಮಾಕೋಲ್ ಹಲಗೆ, ಹತ್ತಿಪುಡಿ ಎರಡನ್ನೂ ತೋರಿಸಿದ್ದ. ಇವರು ಮನಸ್ಸಿನಲ್ಲೇ ಹಲಗೆ ಆರಿಸಿ, ಪ್ರೆಸ್ಸಿನಿಂದ ಫೋನ್ ಮಾಡಿದರು.

“ನಿನ್ನೆ ತೋರ್ಸಿದ್ಯಲ್ಲಪ್ಪ, ಅದೇ. ಅಟ್ಟ ಹತ್ತಿ, ತುಂಬಿಬಿಡು.”

ಫೋನಿನಲ್ಲಿ ಕಾಮಾ ಕೇಳಿಸುವುದಿಲ್ಲ.

ಸಂಜೆ ಬಂದು ನೋಡಿದರೆ ಕೆಲಸದವನು ತಲೆಯಿಂದ ಬೆಳ್ಳನೆ ಪುಡಿ ಕೊಡವಿಕೊಳ್ಳುತ್ತಿದ್ದಾನೆ.

“ಹತ್ತಿ ಯಾಕಪ್ಪ ಬಂತು?”

“ನೀವೇ ಅಂದ್ರಲ್ಲ ಸಾರ್. ಅಟ್ಟ, ಹತ್ತಿ ತುಂಬಿಬಿಡು ಅಂತ. ಇನ್ನೊಂದು ಲಾಭ ಕೇಳಿ. ನಿಮ್ದು, ಪಕ್ಕದ ಮನೇದು ನಡುಗೋಡೆ ಒಳಗೆ ಪೊಳ್ಳು, ಮೇಲೆ ಬಾಯಿ ತೆರೆದಿತ್ತು. ಮೆಷಿನ್ನಲ್ಲಿ ಊದಿದ್ದೆಲ್ಲ ಅದರೊಳಗೆ ಇಳೀತು. ಅಟ್ಟದ ಜೊತೆ ಗೋಡೆ ಫ್ರೀ.”

“ತೆಗಿಯೋಕಾಗುತ್ತಾ?”

“ಗೋಡೆ ಒಡೀಬೇಕು. ಪಕ್ಕದವರು ಬಿಡ್ತಾರಾ?”

ಕಾಮಾ ಸಾರ್ ತಟ್ಟೆ ಹಿಡಿದು ಗೋಡೆಗೊರಗಿದರು. ಮನೆ ಹಬೆಯಾಡುವಷ್ಟು ಬೆಚ್ಚಗಿತ್ತು. ಆಚೆಯಿಂದ ಒಂದು ಕೆಮ್ಮೂ ಇಲ್ಲ. ಅನ್ನ ಅರ್ಧಕ್ಕೇ ನಿಂತಿತು.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ತೆರೆದರೆ ಅಜ್ಜಿ.

“ತಪ್ಪು ತಿಳ್ಕೋಬೇಡಿ. ನನ್ನ ಮಗ ನಿಮ್ಮ ಹತ್ರ ಏನಾದ್ರೂ ಹೇಳ್ಕೊಂಡ್ನಾ? ಫೋನಲ್ಲಿ ಮುಳುಗಿದ್ರೂ ದಿನಾ ಕೇಳಿದ್ದಕ್ಕೆ ‘ಆಯ್ತಮ್ಮ’ ಅಂತಿದ್ದ. ಇವತ್ತು ಎಷ್ಟು ಸಲ ಕೇಳಿದ್ರೂ ತುಟಿ ಬಿಚ್ಚಲಿಲ್ಲ. ಏನೋ ಕೋಪ ಇರ್ಬೇಕು.”

ಕಾಮಾ ಸಾರ್ ಕೈಯಲ್ಲಿದ್ದ ತಟ್ಟೆಯನ್ನು ಬೆನ್ನ ಹಿಂದೆ ಸರಿಸಿದರು.

ಅಜ್ಜಿ ಶಾಲು ಎಳೆದುಕೊಂಡು ಹೊರಟವರು, ಮೆಟ್ಟಿಲ ಬಳಿ ತಿರುಗಿದರು. “ನಿಮ್ದು ಊಟ ಆಯ್ತಾ?”

ಎದುರಿಗೆ ನಿಂತು ಇವರನ್ನೇ ಕೇಳಿದ್ದು ಅದೇ ಮೊದಲು. ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿಬಿಟ್ಟರೆ ಆ ಚುರುಕು ಕಿವಿಗೆ ದನಿ ಸಿಕ್ಕಿಬೀಳುತ್ತದೆ. ಮಂಜುಗಣ್ಣಿನ ಅಜ್ಜಿಯ ಮುಂದೆ ಕಾಮಾ ಸಾರ್ ಜೋರಾಗಿ ತಲೆಯಾಡಿಸಿದರು.

“ಇವರೂ ಮಾತಾಡಲ್ಲ,” ಅಂತ ಗೊಣಗಿಕೊಂಡು ಅಜ್ಜಿ ಮನೆಗೆ ಹೋದರು.